ಬರೆಯೋಕೆ ಮುಂಚಿನ ಕೆಲಸಕ್ಕೂ ದುಡ್ಡು ಕೇಳಿ: ಫ್ರೀಲಾನ್ಸ್ ಕಾಪಿರೈಟರ್‌ಗಳ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜಾಹೀರಾತು ಬರವಣಿಗೆ ಬಗ್ಗೆನೇ ಇದ್ವು, ಅದೂ ಯಾವ ಏಜೆನ್ಸಿಗೂ ಸೇರದೆ ಸ್ವಂತವಾಗಿ ಕಾಪಿ, ಅಂದ್ರೆ ಜಾಹೀರಾತಿನ ಮಾತುಗಳನ್ನ, ಬರೆದು ಬದುಕ್ತಿರೋರು, ಬದುಕ್ಬೇಕು ಅಂತ ಹೊರಟಿರೋರು ಬರೆದಿದ್ದು. ನಾನೂ ಅದೇ ಕೆಲಸದವಳು, ಹಾಗಾಗಿ ಖುಷಿಯಿಂದಲೇ ಉತ್ತರ ಬರೀತಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದೀನಿ, ಹೆಸರು ಹಾಕಬೇಡಿ ಅಂದೋರೇ ಜಾಸ್ತಿ ಇದ್ದಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಮೇಡಂ, ನಾನು ಕಾಲೇಜು ದಿನದಿಂದ ಕವನ ಬರೀತೀನಿ. ನಿನ್ನ ಭಾಷೆ ಚೆನ್ನಾಗಿದೆ, ಕಾಪಿರೈಟರ್ ಆಗು ಅಂತ ಫ್ರೆಂಡ್ಸ್ ಎಲ್ಲ ಹೇಳ್ತಾರೆ. ಭಾಷೆ ಚೆನ್ನಾಗಿದ್ರೆ ಸಾಕಾ?

ಸಾಕಾಗಲ್ಲ, ಆದ್ರೆ ಅದು ವ್ಯರ್ಥವೂ ಆಗಲ್ಲ. ಕವನ ಓದೋರು ಓದ್ಬೇಕು ಅಂತಲೇ ಬಂದಿರ್ತಾರೆ, ಅರ್ಥ ಆಗಲಿಲ್ಲ ಅಂದ್ರೆ ಇನ್ನೊಂದ್ಸಲ ಓದ್ತಾರೆ. ಕಾಪಿ ಓದೋಕೆ ಅಂತ ಯಾರೂ ಬಂದಿರಲ್ಲ, ಬೇರೆ ಏನೋ ಹುಡುಕ್ತಾ ಇರೋರ ಕಣ್ಣಿಗೆ ನಿಮ್ಮ ಸಾಲು ಬೀಳತ್ತೆ, ಮೊದಲ ಸಾಲಲ್ಲೇ ಅವರಿಗೆ ಬೇಕಾದ್ದು ಸಿಗಲಿಲ್ಲ ಅಂದ್ರೆ ಮುಂದಕ್ಕೆ ಹೋಗ್ತಾರೆ, ಅವರ ತಪ್ಪೂ ಇಲ್ಲ ಅದರಲ್ಲಿ.

1904ರಲ್ಲಿ ಜಾನ್ ಇ. ಕೆನಡಿ ಅನ್ನೋ ಕಾಪಿರೈಟರ್ ಷಿಕಾಗೋದ ಲಾರ್ಡ್ ಅಂಡ್ ಥಾಮಸ್ ಏಜೆನ್ಸಿಗೆ ಹೋಗಿ, ಜಾಹೀರಾತು ಅಂದ್ರೇನು ಅಂತ ನನಗೆ ಗೊತ್ತು, ಬೇಕಿದ್ರೆ ಹೇಳ್ತೀನಿ ಅಂತ ಒಂದು ಚೀಟಿ ಒಳಗೆ ಕಳಿಸಿದ್ರಂತೆ. ಆ ಏಜೆನ್ಸಿಯ ಆಲ್ಬರ್ಟ್ ಲಾಸ್ಕರ್ ಕರೆಸಿ ಕೇಳಿದಾಗ ಕೆನಡಿ ಕೊಟ್ಟ ಉತ್ತರ, ಅದು ಅಚ್ಚಿನಲ್ಲಿ ಮಾಡೋ ಸೇಲ್ಸ್‌ಮನ್ ಕೆಲಸ ಅನ್ನೋದು. ಅಷ್ಟು ಹಳೇ ಮಾತು ಇವತ್ತಿಗೂ ಸವೆದಿಲ್ಲ. ಒಳ್ಳೇ ಸೇಲ್ಸ್‌ಮನ್ ಹೆಂಗೆ ಮಾತಾಡ್ತಾರೆ ಅಂತ ಗಮನಿಸಿ, ಎದುರಿಗಿರೋರ ಅನುಮಾನ ಏನು ಅಂತ ತಿಳ್ಕೊಂಡು ಅದಕ್ಕೆ ಉತ್ತರ ಕೊಡ್ತಾರೆ, ತಮ್ಮ ಭಾಷೆ ತೋರಿಸ್ಕೊಳ್ಳೋಕೆ ಹೋಗಲ್ಲ.

ನಿಮಗೆ ಒಂದು ಪರೀಕ್ಷೆ ಹೇಳ್ತೀನಿ. ನೀವೇ ದುಡ್ಡು ಕೊಟ್ಟು ಕೊಂಡು ತೃಪ್ತಿಯಾದ ಒಂದು ವಸ್ತು ತಗೊಳ್ಳಿ. ಅದನ್ನ ಕೊಳ್ಳಲ್ಲ ಅಂತ ಹಠ ಹಿಡಿದಿರೋ ಒಬ್ಬ ಪರಿಚಯಸ್ಥರನ್ನ ಮನಸ್ಸಲ್ಲಿಟ್ಕೊಂಡು ಅವರಿಗೆ ಒಂದು ಪುಟ ಬರೀರಿ. ಬರೀವಾಗ ಅವರ ಆಕ್ಷೇಪಣೆಗಳೇ ನಿಮಗೆ ಇಂಟರೆಸ್ಟಿಂಗ್ ಅನ್ನಿಸ್ತಾ ಹೋದ್ರೆ ನೀವು ಈ ಕೆಲಸಕ್ಕೆ ಆಗ್ತೀರ. ಉಪಮೆಗಳೇ ಇಂಟರೆಸ್ಟಿಂಗ್ ಅನ್ನಿಸಿದ್ರೆ ಕವನಾನೇ ಮುಂದುವರಿಸಿ, ಅದೇನು ಚಿಕ್ಕ ಕೆಲಸ ಅಲ್ಲ.

ಕ್ಲೈಂಟ್ ಬ್ರೀಫೇ ಕೊಡಲ್ಲ ಮೇಡಂ, ಅಂದ್ರೆ ಏನು ಬರೀಬೇಕು, ಯಾರಿಗೆ ಬರೀಬೇಕು ಅಂತ ಬಿಡಿಸಿ ಹೇಳೋದೇ ಇಲ್ಲ. "ಏನಾದ್ರೂ ಕ್ಯಾಚಿಯಾಗಿ ಬರೆದು ಕಳಿಸಿ, ನೋಡೋಣ" ಅಂತಾರೆ. ಬರೆದು ಕಳಿಸಿದ್ರೆ "ಇದಲ್ಲ" ಅಂತಾರೆ. ಯಾವುದು ಅಂತ ಅವರಿಗೂ ಗೊತ್ತಿಲ್ಲ. ಏನ್ಮಾಡ್ಲಿ?

ಇದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ತುಂಬಾ ಜನ ಕೇಳಿದ್ದಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತೀನಿ.

ಅವರಿಗೆ ಗೊತ್ತಿಲ್ಲ ಅನ್ನೋದು ಸಹಜ, ಯಾಕಂದ್ರೆ ಬ್ರೀಫ್ ಬರೆಯೋದು ಒಂದು ಕಸುಬು, ಅದು ಅವರ ಕಸುಬಲ್ಲ. ಅವರು ವಸ್ತು ಮಾಡೋರು, ವ್ಯಾಪಾರ ನಡೆಸೋರು. ಹಾಗಾಗಿ ಬ್ರೀಫ್ ಕೊಡ್ಲಿ ಅಂತ ಕಾಯಬೇಡಿ, ಅವರ ಬಾಯಿಂದ ವಿಷಯ ತೆಗೆದು ನೀವೇ ಬ್ರೀಫ್ ಬರ್ಕೊಳ್ಳಿ. ಒಂದು ಗಂಟೆ ಫೋನಲ್ಲಿ ಮಾತಾಡೋಕೆ ಟೈಮ್ ಕೇಳಿ. ನಿಮ್ಮ ಟಾರ್ಗೆಟ್ ಆಡಿಯನ್ಸ್ ಯಾರು ಅಂತ ಮಾತ್ರ ಕೇಳಬೇಡಿ, ಎಲ್ಲಾ ವಯಸ್ಸಿನವರೂ ಅಂತ ಉತ್ತರ ಬರತ್ತೆ. ಕೊನೇ ಸಲ ಕೊಂಡೋರು ಯಾರು ಅಂತ ಕೇಳಿ. ಅವರು ಅದಕ್ಕೆ ಮುಂಚೆ ಏನು ಉಪಯೋಗಿಸ್ತಿದ್ರು, ಕೊಳ್ಳೋಕೆ ಯಾಕೆ ಹಿಂದೆಮುಂದೆ ನೋಡಿದ್ರು, ಕೊಂಡ ಮೇಲೆ ಫೋನ್ ಮಾಡಿ ಏನಂದ್ರು, ವಾಪಸ್ ಕೊಟ್ಟೋರು ಯಾಕೆ ಕೊಟ್ರು. ಹಿಂಗೆ ಒಬ್ಬ ನಿಜವಾದ ಗಿರಾಕಿ ಸುತ್ತ ಕೇಳಿದ್ರೆ ಕ್ಲೈಂಟ್ ಬಾಯಲ್ಲಿ ಕಥೆಗಳು ಬರ್ತವೆ, ನಿಮಗೆ ಬೇಕಾಗಿರೋದು ಆ ಕಥೆಗಳೇ.

ಆಮೇಲೆ, ಸಾಧ್ಯ ಆದ್ರೆ ಮಾಲೀಕರನ್ನ ಬಿಟ್ಟು ಗಿರಾಕಿಗಳ ಫೋನ್ ಎತ್ತೋರ ಹತ್ರ ಮಾತಾಡಿ. ಕಂಪನಿಯಲ್ಲಿ ಗಿರಾಕಿಯ ಮಾತು ಅತಿ ಹೆಚ್ಚು ಕೇಳಿರೋರು ಅವರೇ, ಆದ್ರೆ ಅವರನ್ನ ಯಾರೂ ಏನೂ ಕೇಳಿರಲ್ಲ. ರಿವ್ಯೂಗಳನ್ನ ಓದಿ, ಅದರಲ್ಲೂ 3 ಸ್ಟಾರ್ ಕೊಟ್ಟಿರೋದನ್ನ ಬಿಡಬೇಡಿ, 5 ಸ್ಟಾರ್‌ನೋರು ಸೂಪರ್ ಅಂತ ಬರೆದು ಹೋಗ್ತಾರೆ, 1 ಸ್ಟಾರ್‌ನೋರು ಸಿಟ್ಟಲ್ಲಿರ್ತಾರೆ, 3 ಕೊಟ್ಟೋರು ಮಾತ್ರ ಯಾವುದು ಚೆನ್ನಾಗಿದೆ ಯಾವುದು ಇಲ್ಲ ಅಂತ ಬಿಡಿಸಿ ಹೇಳಿರ್ತಾರೆ. ಅವರ ವಾಕ್ಯಗಳನ್ನ ತಿದ್ದದೆ, ಕಾಗುಣಿತದ ತಪ್ಪೂ ಸೇರಿ ಹಾಗೇ ಒಂದು ಫೈಲಲ್ಲಿ ಇಟ್ಕೊಳ್ಳಿ. ಲೆಕ್ಕ ಇಡೋ ಒಂದು ಸಾಫ್ಟ್‌ವೇರ್ ಅಂತಿಟ್ಕೊಳ್ಳಿ, ಮಾಲೀಕರು ಅದನ್ನ ದಕ್ಷ, ಸಮಗ್ರ, ಅತ್ಯಾಧುನಿಕ ಅಂತಾರೆ, ಗಿರಾಕಿ "ತಿಂಗಳ ಕೊನೇಲಿ ರಾತ್ರಿ ಕೂತು ಲೆಕ್ಕ ತಾಳೆ ಹಾಕೋದು ತಪ್ಪಿತು" ಅಂತಾರೆ. ಹೆಡ್‌ಲೈನ್ ಎರಡನೇದರಲ್ಲಿದೆ, ನೀವು ಅದನ್ನ ಕೇಳಿಸ್ಕೊಳ್ಳೋಕೆ ಅಲ್ಲಿರಬೇಕು ಅಷ್ಟೇ.

ಕ್ಲೈಂಟ್‌ಗೆ ಮಾಮೂಲಿ ಅನ್ನಿಸೋದರಲ್ಲೇ ಎಷ್ಟೋ ಸಲ ವಿಷಯ ಇರತ್ತೆ. ಕ್ಲಾಡ್ ಹಾಪ್ಕಿನ್ಸ್ ಅನ್ನೋ ಕಾಪಿರೈಟರ್ ಅಮೆರಿಕದ ಷ್ಲಿಟ್ಸ್ ಬಿಯರ್‌ಗೆ ಬರೀವಾಗ ಮೊದಲು ಬ್ರೂವರಿ ಒಳಗೆ ಹೋಗಿ ನೋಡಿದ್ರು. ಅಲ್ಲಿ ಗಾಳಿನ ಫಿಲ್ಟರ್ ಮಾಡಿ ಬಿಡ್ತಿದ್ರು, ಬಾಟಲಿಗಳನ್ನ ಯಂತ್ರದಲ್ಲಿ ಮತ್ತೆ ಮತ್ತೆ ತೊಳೀತಿದ್ರು, ನೀರಿಗೆ ಆಳವಾದ ಬಾವಿ ತೋಡಿದ್ರು. ಇದನ್ನೆಲ್ಲ ಯಾಕೆ ಹೇಳ್ತಿಲ್ಲ ಅಂತ ಹಾಪ್ಕಿನ್ಸ್ ಕೇಳಿದ್ರೆ, ಎಲ್ಲಾ ಬ್ರೂವರಿಯೋರೂ ಹಿಂಗೇ ಮಾಡೋದು, ಇದರಲ್ಲಿ ವಿಶೇಷ ಏನಿದೆ ಅಂದ್ರಂತೆ. ಮಾಡ್ತಿರಬಹುದು, ಆದ್ರೆ ಯಾರೂ ಜನಕ್ಕೆ ಹೇಳಿರಲಿಲ್ಲ. ಮೊದಲು ಹೇಳಿದೋರು ಹಾಪ್ಕಿನ್ಸ್, ಷ್ಲಿಟ್ಸ್ ಮಾರಾಟ ಜೋರಾಗಿ ಏರಿತು. ಡೇವಿಡ್ ಓಗಿಲ್ವಿ ಅನ್ನೋ ಇನ್ನೊಬ್ಬ ಕಾಪಿರೈಟರ್ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಹೆಡ್‌ಲೈನೂ ಹಂಗೇ. ಗಂಟೆಗೆ 60 ಮೈಲಿ ವೇಗದಲ್ಲಿ ಆ ಕಾರೊಳಗೆ ಅತಿ ಜೋರಾಗಿ ಕೇಳಿಸೋದು ಗಡಿಯಾರದ ಸದ್ದು ಅನ್ನೋ ಮಾತು ಅವರ ಕಲ್ಪನೆ ಆಗಿರಲಿಲ್ಲ, ಒಂದು ಮೋಟಾರ್ ಪತ್ರಿಕೆಯ ಪರೀಕ್ಷಾ ವರದಿಯಿಂದ ಬಂದದ್ದು. ವಾರಗಟ್ಟಲೆ ಕಾರಿನ ಬಗ್ಗೆ ಓದಿದ್ದಕ್ಕೆ ಸಿಕ್ಕಿದ ಸಾಲು ಅದು.

ಇಷ್ಟಾದ ಮೇಲೆ ಅರ್ಧ ಪುಟ ಬರೆದು ಕ್ಲೈಂಟ್‌ಗೆ ಮೇಲ್ ಮಾಡಿ. ಇದನ್ನ ಯಾರು ಓದ್ತಾರೆ, ಈಗ ಅವರ ತಲೇಲಿ ಏನಿದೆ, ಓದಿದ ಮೇಲೆ ಏನು ಮಾಡ್ಬೇಕು, ನಾವು ಹೇಳೋ ಒಂದೇ ಒಂದು ಮಾತು ಯಾವುದು, ಅದಕ್ಕೆ ಪುರಾವೆ ಏನು, ಏನು ಹೇಳಬಾರದು. "ಸರಿ" ಅಂತ ಉತ್ತರ ಬರೋ ತನಕ ಒಂದು ಸಾಲೂ ಬರೀಬೇಡಿ. ಆಗ ಅವರು "ಇದಲ್ಲ" ಅಂದ್ರೂ ಇಬ್ಬರೂ ಆ ಅರ್ಧ ಪುಟ ಮುಂದಿಟ್ಕೊಂಡು ಎಲ್ಲಿ ದಾರಿ ತಪ್ತು ಅಂತ ನೋಡಬಹುದು. ಈ ಕೆಲಸಕ್ಕೆ ಕೊಟೇಶನ್‌ನಲ್ಲಿ ಬೇರೆ ಸಾಲು ಹಾಕಿ, ರಿಸರ್ಚ್ ಮತ್ತು ಬ್ರೀಫ್ ಅಂತ. ಬರವಣಿಗೆ ಜೊತೆ ಫ್ರೀ ಕೊಟ್ರೆ ಕ್ಲೈಂಟ್ ಅದನ್ನ ಕೆಲಸ ಅಂತ ಎಣಿಸೋದೇ ಇಲ್ಲ, ಎರಡನೇ ಸಲ ನೇರವಾಗಿ ನಾಳೆ ಬೆಳಗ್ಗೆ ಕಾಪಿ ಬೇಕು ಅಂತಾರೆ.

ಖಾಲಿ ಡಾಕ್ಯುಮೆಂಟ್ ತೆಗೆದ್ರೆ ಕೈ ಓಡಲ್ಲ. ನೀವು ಹೆಂಗೆ ಶುರು ಮಾಡ್ತೀರಿ?

ಖಾಲಿ ಡಾಕ್ಯುಮೆಂಟ್ ತೆಗೆಯೋದೇ ಇಲ್ಲ. ಮೇಲೆ ಹೇಳಿದ ಗಿರಾಕಿಗಳ ಮಾತಿನ ಫೈಲ್ ತೆಗೀತೀನಿ, ಅದರ ಕೆಳಗೇ ಬರೀತೀನಿ. ಹೆಡ್‌ಲೈನ್‌ನಿಂದ ಶುರು ಮಾಡಲ್ಲ, ಸಾಮಾನ್ಯವಾಗಿ ಕೊನೇ ಭಾಗದಿಂದ, ಅಂದ್ರೆ ಓದಿದೋರು ಏನು ಮಾಡ್ಬೇಕು ಅನ್ನೋ ಸಾಲಿಂದ ಶುರು ಮಾಡ್ತೀನಿ, ಅಲ್ಲಿಗೆ ಬರೋಕೆ ಮುಂಚೆ ಅವರಿಗೆ ಏನೇನು ಗೊತ್ತಿರಬೇಕು ಅಂತ ಹಿಂದಕ್ಕೆ ಹೋಗ್ತೀನಿ. ಹೆಡ್‌ಲೈನ್‌ಗಳನ್ನ ಬೇರೆ ಕೂತು ಬರೀತೀನಿ, ಪುಟ ತುಂಬೋ ತನಕ. ಮೊದಲು ಬರೋದು ಎಲ್ಲರಿಗೂ ಬರೋ ಸಾಲುಗಳು, ಅವು ಖಾಲಿಯಾದ ಮೇಲೇ ಈ ವಸ್ತುವಿಗೆ ಮಾತ್ರ ಹೊಂದೋ ಸಾಲು ಬರತ್ತೆ. ಪಕ್ಕದ ಕಂಪನಿ ಹೆಸರು ಹಾಕಿ ನೋಡಿ, ಆಗಲೂ ಸಾಲು ಸರಿಯಾಗೇ ಕೂತ್ರೆ ಅದು ನಿಮ್ಮ ಕ್ಲೈಂಟ್‌ದು ಅಲ್ಲ, ಹೊಡೆದು ಹಾಕಿ.

ಯೂಜೀನ್ ಷ್ವಾರ್ಟ್ಸ್ ಅನ್ನೋ ಅಮೆರಿಕದ ಕಾಪಿರೈಟರ್ ಟೈಮರ್‌ನಲ್ಲಿ 33 ನಿಮಿಷ 33 ಸೆಕೆಂಡ್ ಇಟ್ಟು ಕೂರ್ತಿದ್ರು. ಅಷ್ಟು ಹೊತ್ತು ಬರೀದೇ ಇದ್ರೂ ಪರವಾಗಿಲ್ಲ, ಆದ್ರೆ ಎದ್ದು ಬೇರೆ ಕೆಲಸ ಮಾಡೋ ಹಾಗಿಲ್ಲ. ನನಗೆ ಈ ಪದ್ಧತಿ ತುಂಬಾ ಇಷ್ಟ, ಯಾಕಂದ್ರೆ ಇದು ಸ್ಫೂರ್ತಿಗೆ ಕಾಯಲ್ಲ, ಹಂಗಂತ ಬಲವಂತವೂ ಮಾಡಲ್ಲ.

ಬರೆದಾದ ಮೇಲೆ ಜೋರಾಗಿ ಓದಿ. ಉಸಿರು ಸಿಕ್ಕಿಹಾಕ್ಕೊಳ್ಳೋ ಕಡೆ ವಾಕ್ಯ ಮುರೀರಿ. ಬಾಯಲ್ಲಿ ಯಾರೂ ಹೇಳದ ಪದ ಸಿಕ್ಕಿದ್ರೆ ತೆಗೀರಿ.

ಎಷ್ಟು ಚಾರ್ಜ್ ಮಾಡ್ಬೇಕು, ಪದಕ್ಕೆ ಇಷ್ಟು ಅಂತಲಾ, ಗಂಟೆಗಾ, ಇಡೀ ಪ್ರಾಜೆಕ್ಟಿಗಾ? ಮತ್ತೆ ಹೊಸಬರಿಗೆ ಫ್ರೀ ಸ್ಯಾಂಪಲ್ ಕೇಳ್ತಾರೆ, ಕೊಡ್ಬೇಕಾ?

ಪದಕ್ಕೆ ಇಷ್ಟು ಅನ್ನೋ ಲೆಕ್ಕ ಕಾಪಿರೈಟಿಂಗಿಗೆ ಹೊಂದೋದೇ ಇಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ. 1959ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿ ಮಾಡಿದ ಜಾಹೀರಾತಿನ ಹೆಡ್‌ಲೈನ್ ನೆನಪು ಮಾಡ್ಕೊಳ್ಳಿ, "ಥಿಂಕ್ ಸ್ಮಾಲ್", ಎರಡೇ ಪದ. ಕಾಪಿ ಜೂಲಿಯನ್ ಕೋನಿಗ್ ಅವರದು, ವಿನ್ಯಾಸ ಹೆಲ್ಮುಟ್ ಕ್ರೋನ್ ಅವರದು. ದೊಡ್ಡ ಕಾರು ಅಂದ್ರೇನೇ ದೊಡ್ಡಸ್ತಿಕೆ ಅಂತಿದ್ದ ಕಾಲದಲ್ಲಿ, ಪುಟದ ತುಂಬಾ ಖಾಲಿ ಜಾಗ ಬಿಟ್ಟು ಮೂಲೇಲಿ ಪುಟ್ಟ ಕಾರು ಇಟ್ಟು ಚಿಕ್ಕದಾಗಿ ಯೋಚಿಸಿ ಅಂತ ಹೇಳೋಕೆ ಎಷ್ಟು ಧೈರ್ಯ, ಎಷ್ಟು ಯೋಚನೆ ಬೇಕಾಗಿರಬೇಕು. ಪದದ ಲೆಕ್ಕದಲ್ಲಿ ಅದಕ್ಕೆ ಎಷ್ಟು ಬರ್ತಿತ್ತು ಹೇಳಿ. ಪದದ ರೇಟು ನಿಮ್ಮನ್ನ ಉದ್ದ ಬರೆಯೋಕೆ ಪ್ರೇರೇಪಿಸತ್ತೆ, ಓದೋರಿಗೆ ಚಿಕ್ಕದು ಬೇಕು, ಅಲ್ಲೇ ನಿಮ್ಮ ಹಿತ ಅವರ ಹಿತ ಎರಡೂ ಬೇರೆ ಆಗೋಯ್ತು. ಗಂಟೆ ಲೆಕ್ಕವೂ ಅಷ್ಟೇ, ನೀವು ಅನುಭವಸ್ಥರಾಗಿ ಬೇಗ ಮುಗಿಸೋಕೆ ಶುರು ಮಾಡಿದ್ರೆ ಸಂಪಾದನೆ ಕಮ್ಮಿ ಆಗತ್ತೆ. ಇಡೀ ಪ್ರಾಜೆಕ್ಟಿಗೆ ಒಂದು ಮೊತ್ತ ಹೇಳಿ, ಅದರೊಳಗೆ ಏನೇನು ಬರತ್ತೆ ಅಂತ ಬಿಡಿಸಿ ಬರೀರಿ, ಎಷ್ಟು ರಿವಿಷನ್ ಅನ್ನೋದೂ ಸೇರಿ. ನಿಮ್ಮ ಸ್ವಂತ ಲೆಕ್ಕಕ್ಕೆ ಗಂಟೆಗಳನ್ನ ಬರೆದಿಟ್ಕೊಳ್ಳಿ, ಮುಂದಿನ ಕೊಟೇಶನ್‌ಗೆ ಬೇಕಾಗತ್ತೆ. ರೇಟು ನಿಗದಿ ಮಾಡುವಾಗ ಒಂದು ವಿಷಯ ಮರೀಬೇಡಿ, ಫ್ರೀಲಾನ್ಸರ್‌ಗೆ ರಜೆಯ ಸಂಬಳ ಇಲ್ಲ, ಹುಷಾರಿಲ್ದಾಗ ಸಂಬಳ ಇಲ್ಲ, ಕೆಲಸ ಹುಡುಕೋ ದಿನಗಳಿಗೂ ಬಿಲ್ ಮಾಡಿದ ದಿನಗಳೇ ಅನ್ನ ಹಾಕ್ಬೇಕು.

ಫ್ರೀ ಸ್ಯಾಂಪಲ್ ಕೊಡಬೇಡಿ. ನಿಮ್ಮ ಕೈ ಹೆಂಗಿದೆ ಅಂತ ನೋಡೋಕೆ ಹಳೇ ಕೆಲಸ ತೋರಿಸಿ, ಅವರ ವಸ್ತುವಿಗೇ ಬರೆದು ತೋರಿಸಿ ಅಂದ್ರೆ ಅದು ಕೆಲಸ, ಚಿಕ್ಕದಾದ್ರೂ ದುಡ್ಡು ಕೊಟ್ಟು ಮಾಡಿಸ್ಕೊಳ್ಲಿ. ಒಳ್ಳೇ ಕ್ಲೈಂಟ್‌ಗಳು ಈ ಮಾತಿಗೆ ಬೇಜಾರು ಮಾಡ್ಕೊಳ್ಳಲ್ಲ.

ಕೆಲಸ ತಗೊಂಡು ದುಡ್ಡು ಕೊಡದೆ ಸತಾಯಿಸ್ತಿದಾರೆ. ಇನ್ವಾಯ್ಸ್ ಕಳಿಸಿ ತಿಂಗಳುಗಳಾಯ್ತು. ಜಗಳ ಆಡಿದ್ರೆ ಮುಂದೆ ಕೆಲಸ ಸಿಗಲ್ಲ ಅನ್ನೋ ಭಯ.

ನಿಮ್ಮ ಭಯ ನನಗೆ ಅರ್ಥ ಆಗತ್ತೆ, ಈ ಕೆಲಸದಲ್ಲಿ ಇದರಷ್ಟು ನಿದ್ದೆಗೆಡಿಸೋದು ಬೇರೆ ಯಾವುದೂ ಇಲ್ಲ. ಆದ್ರೆ ದುಡ್ಡು ಕೊಡದೇ ಇರೋರ ಹತ್ರ ಮುಂದಿನ ಕೆಲಸ ಸಿಕ್ಕಿ ಏನು ಪ್ರಯೋಜನ ಅಂತ ಒಂದ್ಸಲ ಯೋಚನೆ ಮಾಡಿ.

ಈಗಿನದಕ್ಕೆ: ಕ್ರಿಯೇಟಿವ್ ಟೀಮ್‌ನೋರಿಗೆ ಮೇಲ್ ಮಾಡ್ತಾ ಕೂರಬೇಡಿ, ಅವರ ಕೈಲಿ ದುಡ್ಡಿರಲ್ಲ. ಅಕೌಂಟ್ಸ್‌ನಲ್ಲಿ ಯಾರು ಪೇಮೆಂಟ್ ಹಾಕ್ತಾರೆ ಅಂತ ಹೆಸರು ಕೇಳಿ ಅವರಿಗೇ ಫೋನ್ ಮಾಡಿ, ಇನ್ವಾಯ್ಸ್ ನಂಬರ್ ಹೇಳಿ, ಯಾವ ತಾರೀಖಿಗೆ ಬರತ್ತೆ ಅಂತ ಮಾತ್ರ ಕೇಳಿ. ಎಷ್ಟೋ ಸಲ ಯಾವುದೋ ನಂಬರ್ ಹಾಕಿಲ್ಲ ಅಂತ ಬಿಲ್ಲು ಅಲ್ಲೇ ಬಿದ್ದಿರತ್ತೆ, ಯಾರೂ ನಿಮಗೆ ಹೇಳಿರಲ್ಲ.

ಮುಂದಿನದಕ್ಕೆ: ಅರ್ಧ ಅಡ್ವಾನ್ಸ್ ಬಂದ ಮೇಲೇ ಕೆಲಸ ಶುರು. ಮಧ್ಯದಲ್ಲಿ ಕ್ಲೈಂಟ್ ಕೈಬಿಟ್ರೆ ಅಲ್ಲೀತನಕದ ಕೆಲಸಕ್ಕೆ ಒಂದು ಮೊತ್ತ ಕೊಡ್ಬೇಕು, ಅದಕ್ಕೆ ಕಿಲ್ ಫೀ ಅಂತಾರೆ. ಪೂರ್ತಿ ಹಣ ಬಂದ ಮೇಲೇ ಕಾಪಿಯ ಹಕ್ಕುಸ್ವಾಮ್ಯ ಅವರಿಗೆ ಹೋಗತ್ತೆ ಅನ್ನೋ ಸಾಲು ಒಪ್ಪಂದದಲ್ಲಿ ಇರಲೇಬೇಕು, ದುಡ್ಡು ಕೊಡದೆ ಕಾಪಿ ಹಾಕ್ಕೊಂಡ್ರೆ ನಿಮ್ಮ ಕೈಲಿರೋ ಹಿಡಿತ ಅದೊಂದೇ. ಒಪ್ಪಂದ ಕೇಳೋದು ಅಪನಂಬಿಕೆ ಅಲ್ಲ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಫ್ರೀಲಾನ್ಸರ್‌ಗಳಿಗೆ ಅಂತಲೇ ಕಾನೂನಿದೆ, 800 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಬರಹದಲ್ಲಿ ಒಪ್ಪಂದ ಇರಬೇಕು, ತಾರೀಖು ಬರೆದಿಲ್ಲ ಅಂದ್ರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ಬ್ರಿಟನ್ನಿನ 1998ರ ಕಾನೂನು ತಡವಾದ ಬಿಲ್ಲಿಗೆ ಬಡ್ಡಿ ಕೇಳೋ ಹಕ್ಕು ಕೊಟ್ಟಿದೆ. ಎಲ್ಲಾ ಕಡೆ ಹಂಗಿಲ್ಲ, ಅದಕ್ಕೇ ನಿಮ್ಮ ಒಪ್ಪಂದದಲ್ಲಿ ಅವೆಲ್ಲ ನೀವೇ ಬರ್ಕೊಳ್ಳಬೇಕು.

ಡ್ರಾಫ್ಟ್ ಕಳಿಸಿದ್ರೆ ಮಾಲೀಕರು, ಅವರ ಪಾರ್ಟ್ನರ್, ಮಾರ್ಕೆಟಿಂಗ್‌ನೋರು ಎಲ್ಲರೂ ಬೇರೆ ಬೇರೆ ತಿದ್ದಿ ಕಳಿಸ್ತಾರೆ. ಕೊನೆಗೆ ಯಾರಿಗೂ ಇಷ್ಟ ಆಗದ ಕಾಪಿ ಉಳಿಯತ್ತೆ.

ಮಾತುಕತೆಯ ಮೊದಲ ದಿನವೇ ಕೊನೇ ಒಪ್ಪಿಗೆ ಯಾರದು ಅಂತ ಕೇಳಿ, ಒಬ್ಬರ ಹೆಸರು ಬರ್ಕೊಳ್ಳಿ. ಎಲ್ಲರ ಅಭಿಪ್ರಾಯವನ್ನೂ ಅವರು ಒಟ್ಟು ಮಾಡಿ ಒಂದೇ ಸಲ ಕಳಿಸಲಿ. ಡ್ರಾಫ್ಟನ್ನ ಸುಮ್ನೆ ಅಟ್ಯಾಚ್ ಮಾಡಿ ಕಳಿಸೋ ಬದಲು ಒಂದು ಕಾಲ್ ಮಾಡಿ ನೀವೇ ಓದಿ ಹೇಳಿ, ಯಾಕೆ ಹಿಂಗೆ ಬರೆದೆ ಅಂತ ಬ್ರೀಫ್ ಜೊತೆ ಹೊಂದಿಸಿ ತೋರಿಸಿ. ಕಾರಣ ಕೇಳಿದೋರು ಕಾರಣ ಇಟ್ಕೊಂಡೇ ತಿದ್ತಾರೆ.

ತಿದ್ದುಪಡಿ ಬಂದಾಗ ಅವರು ಬರೆದ ಸಾಲನ್ನ ಬಿಟ್ಟು ಅದರ ಹಿಂದಿನ ಅಸಮಾಧಾನ ಹುಡುಕಿ. "ಇಲ್ಲಿ ವಿಶ್ವಾಸಾರ್ಹ ಅಂತ ಸೇರಿಸಿ" ಅಂದ್ರೆ ಅವರಿಗೆ ಪುರಾವೆ ಕಮ್ಮಿ ಅನ್ನಿಸಿದೆ ಅಂತ ಅರ್ಥ. ಆ ಪದ ಹಾಕಬೇಡಿ, ಪುರಾವೆ ಹಾಕಿ, ಅವರೇ ಒಪ್ತಾರೆ. ವಸ್ತುವಿನ ಬಗ್ಗೆ ಅವರು ತಿದ್ದಿದ್ರೆ ಮರುಮಾತಿಲ್ದೆ ಒಪ್ಕೊಳ್ಳಿ, ಅದು ನಿಮಗಿಂತ ಅವರಿಗೆ ಗೊತ್ತು. ಓದೋರ ಬಗ್ಗೆ ಇದ್ರೆ ಗಿರಾಕಿಗಳ ಮಾತಿನ ಫೈಲ್ ತೆಗೆದು ವಾದ ಮಾಡಿ. ಬರೀ ರುಚಿಯ ವಿಷಯ ಆದ್ರೆ ಬಿಟ್ಟುಬಿಡಿ.

ಪ್ರಾಡಕ್ಟ್‌ನಲ್ಲಿ ಇಲ್ಲದ ಗುಣ ಬರೀರಿ ಅಂತಾರೆ. "ಗ್ಯಾರಂಟಿ" ಅಂತ ಹಾಕಿ, ಜಾಹೀರಾತಲ್ವಾ ಯಾರು ಕೇಳ್ತಾರೆ ಅಂತಾರೆ.

ಕೇಳ್ತಾರೆ, ಕೋರ್ಟಲ್ಲೂ ಕೇಳಿದ್ದಾರೆ. 1891ರಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ, ನಮ್ಮ ಔಷಧಿ ಸಾಧನವನ್ನ ಹೇಳಿದ ಹಾಗೆ ಉಪಯೋಗಿಸಿಯೂ ಇನ್‌ಫ್ಲುಯೆಂಜಾ ಬಂದ್ರೆ 100 ಪೌಂಡ್ ಕೊಡ್ತೀವಿ ಅಂತ ಜಾಹೀರಾತು ಹಾಕಿತು, ಅದಕ್ಕೆ ಬ್ಯಾಂಕಲ್ಲಿ 1000 ಪೌಂಡ್ ಇಟ್ಟಿದೀವಿ ಅಂತಲೂ ಬರೆದಿತ್ತು. ಲೂಯಿಸಾ ಕಾರ್ಲಿಲ್ ಅನ್ನೋರು ಉಪಯೋಗಿಸಿದ್ರು, ಜ್ವರ ಬಂತು, ಕೇಸು ಹಾಕಿದ್ರು. ಇದು ಬರೀ ಜಾಹೀರಾತಿನ ಬಡಾಯಿ ಅಂತ ಕಂಪನಿ ವಾದ ಮಾಡಿತು, ಕೋರ್ಟ್ ಒಪ್ಪಲಿಲ್ಲ, 1892ರಲ್ಲಿ ಮೇಲ್ಮನವಿಯಲ್ಲೂ ಕಂಪನಿ ಸೋತಿತು. ಕಾನೂನು ಓದೋ ಮಕ್ಕಳು ಇವತ್ತಿಗೂ ಒಪ್ಪಂದದ ಪಾಠ ಈ ಕೇಸಿಂದಲೇ ಕಲೀತಾರೆ. ಕ್ಲೈಂಟ್‌ಗೆ ನೀತಿ ಹೇಳೋಕೆ ಮುಜುಗರ ಆದ್ರೆ ಈ ಕಥೆ ಹೇಳಿ. ನಾನಂತೂ ಪ್ರತಿ ಹೇಳಿಕೆ ಪಕ್ಕದಲ್ಲೂ ಪುರಾವೆ ಎಲ್ಲಿದೆ ಅಂತ ಒಂದು ಕಾಮೆಂಟ್ ಹಾಕಿ ಕಳಿಸ್ತೀನಿ, ಖಾಲಿ ಇದ್ದ ಕಡೆ ಕ್ಲೈಂಟ್ ತುಂಬಬೇಕು, ತುಂಬೋಕಾಗದ ಸಾಲು ಹೊರಗೆ ಹೋಗತ್ತೆ. ಅದಕ್ಕೂ ಒಪ್ಪದೇ ಇದ್ರೆ ಕೆಲಸ ಬಿಡಿ. ನಿಮ್ಮ ಸಾಲು ನಂಬಿ ದುಡ್ಡು ಕೊಡೋರು ಇರ್ತಾರೆ, ಅವರಿಗೆ ನೀವು ಯಾರು ಅಂತ ಗೊತ್ತಿಲ್ಲ, ಆದ್ರೆ ನಿಮಗೆ ಅವರು ಯಾರು ಅಂತ ಗೊತ್ತಿರತ್ತೆ.

ಎಐ ಬಂದ ಮೇಲೆ ನಮ್ಮ ಕೆಲಸ ಉಳಿಯತ್ತಾ?

ಪುಟ ತುಂಬಿಸೋ ಕೆಲಸ, ಅಂದ್ರೆ ಯಾರೂ ಗಮನ ಇಟ್ಟು ಓದದ ಬರವಣಿಗೆ, ಅದಕ್ಕೆ ಇನ್ಮೇಲೆ ಒಳ್ಳೇ ದುಡ್ಡು ಸಿಗೋದು ಕಷ್ಟ. ಅದನ್ನೇ ನಂಬ್ಕೊಂಡಿರೋರಿಗೆ ಇದು ನಿಜವಾಗ್ಲೂ ನೋವಿನ ವಿಷಯ, ಸುಲಭದ ಸಮಾಧಾನ ನಾನು ಹೇಳಲ್ಲ. ಆದ್ರೆ ಎಐಗೆ ಕೊಟ್ಟಿದ್ದಷ್ಟೇ ಗೊತ್ತು, ಫೋನ್ ಎತ್ತೋ ಹುಡುಗಿ ಹತ್ರ ಕೂತು ಗಿರಾಕಿಗಳು ಏನಂತಾರಮ್ಮ ಅಂತ ಅದು ತಾನಾಗೇ ಹೋಗಿ ಕೇಳಲ್ಲ. ಆ ಮಾತುಗಳನ್ನ ತರೋರು ನೀವಾದ್ರೆ ಅದನ್ನ ಒಂದು ಸಾಧನವಾಗಿ ಬಳಸ್ಕೊಳ್ಳಿ, ಹೆಡ್‌ಲೈನ್ ಪಟ್ಟಿ ಮಾಡಿಸಿ ಎಲ್ಲರಿಗೂ ಬರೋ ಸಾಲು ಯಾವುದು ಅಂತ ತಿಳ್ಕೊಳ್ಳೋಕೆ ನಾನೂ ಬಳಸ್ತೀನಿ. ಎಚ್ಚರಿಕೆ ಒಂದೇ, ಎನ್‌ಡಿಎ, ಅಂದ್ರೆ ವಿಷಯ ಹೊರಗೆ ಬಿಡಬಾರದು ಅನ್ನೋ ಒಪ್ಪಂದ, ಹಾಕಿರೋ ಕ್ಲೈಂಟ್‌ನ ಕಾಗದಪತ್ರ ಅದರೊಳಗೆ ಪೇಸ್ಟ್ ಮಾಡೋಕೆ ಮುಂಚೆ ಅವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ನಾನು ಬರೆದಿದ್ದಕ್ಕೆಲ್ಲ ಬೇರೆಯವರ ಹೆಸರಿದೆ. ಪೋರ್ಟ್‌ಫೋಲಿಯೋದಲ್ಲಿ ಏನು ಹಾಕ್ಲಿ?

ಒಪ್ಪಂದದಲ್ಲೇ ಪೋರ್ಟ್‌ಫೋಲಿಯೋದಲ್ಲಿ ತೋರಿಸೋ ಅನುಮತಿ ಕೇಳಿ, ಹೆಚ್ಚಿನವರು ಕೊಡ್ತಾರೆ. ಕೊಡದೇ ಇದ್ರೆ ಹೆಸರು ಹೇಳದೆ, ಸಮಸ್ಯೆ ಏನಿತ್ತು, ಯಾರ ಹತ್ರ ಮಾತಾಡಿದ್ರಿ, ಏನು ತಿಳೀತು, ಅದಕ್ಕೆ ಯಾವ ದಾರಿ ಹಿಡಿದ್ರಿ ಅಂತ ಕಥೆ ಥರ ಬರೀರಿ, ಆದ್ರೆ ವಿವರಗಳಿಂದ ಕ್ಲೈಂಟ್ ಯಾರು ಅಂತ ಗೊತ್ತಾಗಬಾರದು. ಒಳ್ಳೇ ಕ್ಲೈಂಟ್ ಓದೋದು ಆ ಭಾಗವನ್ನೇ. ಕೆಲಸ ಇನ್ನೂ ಸಿಕ್ಕಿಲ್ಲ ಅಂದ್ರೆ ನೀವೇ ಒಂದು ವಸ್ತು ಆರಿಸ್ಕೊಂಡು ಬರೀರಿ, ಇದು ನಾನಾಗೇ ಮಾಡಿದ ಅಭ್ಯಾಸ, ಕಂಪನಿ ಮಾಡಿಸಿದ್ದಲ್ಲ ಅಂತ ಮೇಲೇ ಸ್ಪಷ್ಟವಾಗಿ ಹಾಕಿ. ತುಂಬಾ ಹಾಕಬೇಡಿ, ಮೂರು ಒಳ್ಳೇದು ಸಾಕು. ಮೂರನೇದು ಅಷ್ಟು ಗಟ್ಟಿ ಇಲ್ಲ ಅನ್ನಿಸಿದ್ರೆ ಎರಡೇ ಹಾಕಿ ಕಳಿಸಿ.